ಏಳನೆಯ ಗಂಟಿನಾಚೆ

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಹುರಿ ತೂಗುತ್ತಿರುತ್ತದೆ. ಮೇಣ ತಿಕ್ಕಿ ತಿಕ್ಕಿ ಕಪ್ಪಾದ ಹಳೆಯ ಹುರಿ. ಒಂದು ತುದಿಗೆ ಬೆರಳು ತೂರುವಷ್ಟು ಕುಣಿಕೆ, ಅಲ್ಲಿಂದ ಅಡಿಗೊಂದರಂತೆ ಏಳು ಗಂಟು. ಇನ್ನೊಂದು ತುದಿ ಏಳನೆಯ ಗಂಟಿನ ಬುಡಕ್ಕೇ ಬ್ಲೇಡಿನಲ್ಲಿ ಕೊಯ್ದಂತೆ ಮುಗಿದುಹೋಗುತ್ತದೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅದು ಗೋಡೆಗೆ ಮೆಲ್ಲಗೆ ತಾಗುತ್ತದೆ. ಆ ಸದ್ದು ಮನೆಯವರಿಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ ಯಾರೂ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಮೊನ್ನೆ ಕೆಲಸದಿಂದ ಬಂದು ಪಾದಕ್ಕೆ ಹತ್ತಿದ ಸಿಮೆಂಟನ್ನು ಕೆರೆಯುತ್ತ ಕೂತಿದ್ದೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಎದುರಿಗೆ ನೆಲದ ಮೇಲೆ ಬೋರಲು ಬಿದ್ದು ಲೆಕ್ಕ ಮಾಡುತ್ತಿದ್ದಳು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು.

"ಅಮ್ಮ, ಈ ಲೆಕ್ಕ ಮುಗೀತಾನೇ ಇಲ್ಲ" ಎಂದಳು. "ಯಾವ ಸಂಖ್ಯೆಯನ್ನ ಅದರಿಂದಲೇ ಗುಣಿಸಿದ್ರೆ ಎರಡು ಬರುತ್ತೆ ಅಂತ ಹುಡುಕ್ಬೇಕು. ಒಂದೂವರೆ ಇಟ್ರೆ ಎರಡೂಕಾಲು, ಹೆಚ್ಚಾಯ್ತು. ಒಂದು ಪಾಯಿಂಟ್ ನಾಲ್ಕು ಇಟ್ರೆ ಒಂದು ಪಾಯಿಂಟ್ ಒಂಬತ್ತು ಆರು, ಕಮ್ಮಿ. ನಾಲ್ಕು ಒಂದು ಇಟ್ರೂ ಕಮ್ಮಿ, ನಾಲ್ಕು ಎರಡು ಇಟ್ರೆ ಹೆಚ್ಚು. ಮಧ್ಯದಲ್ಲೆಲ್ಲೋ ಇದೆ ಅಂತಾರೆ ಮಿಸ್ಸು. ಆದ್ರೆ ಪಾಯಿಂಟ್ ಆದ್ಮೇಲೆ ಎಷ್ಟು ಅಂಕೆ ಬರೆದ್ರೂ ಕೊನೆ ಸಿಗಲ್ವಂತೆ. ಸಿಗದೇ ಇರೋದನ್ನ ಇದೆ ಅಂತ ಹೆಂಗೆ ಹೇಳೋದು?"

ನಾನು ಅವಳು ಮಲಗಿದ್ದ ಕಲ್ಲನ್ನೇ ತೋರಿಸಿದೆ. ಒಂದಡಿ ಚೌಕದ ಕಲ್ಲು. "ಈ ಮೂಲೆಯಿಂದ ಆ ಮೂಲೆಗೆ ಇದೆಯಲ್ಲ, ಅದೇ."

"ಇರೋದು ಕಾಣುತ್ತೆ. ಎಷ್ಟಿದೆ ಅಂತ ಕೇಳ್ತಿರೋದು."

ನನ್ನ ಕಣ್ಣು ನನಗರಿವಿಲ್ಲದೆ ಬಾಗಿಲ ಹಿಂದಕ್ಕೆ ಹೋಯಿತು. ಅವಳದೂ ಹೋಯಿತು. "ತಾತನ ಹುರಿ ಯಾಕೆ ಆ ಕಡೆ ಕತ್ತರಿಸಿದ ಹಾಗಿದೆ?" ಎಂದಳು.

"ಹಳೇದಲ್ವಾ" ಎಂದು ಹೇಳಿ ಒಲೆಯ ಕಡೆ ಎದ್ದುಹೋದೆ. ಹಳೆಯದಾದ ಹುರಿ ಹಾಗೆ ಕತ್ತರಿಸಿಕೊಳ್ಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ನನ್ನ ಅಪ್ಪ ತಿಪ್ಪಯ್ಯ ನೆಲ ಹಾಸುವ ಮೇಸ್ತ್ರಿ. ನಮ್ಮ ಊರಿನಲ್ಲಿ ನಾಲ್ಕು ಜನ ನಿಂತು ನೋಡುವಂಥ ನೆಲವಿದ್ದರೆ ಅದು ಅಪ್ಪನದೆಂದೇ ತಿಳಿಯುತ್ತಿದ್ದರು. ಎಲ್ಲರೂ ಗೋಡೆಗೆ ಸಮನಾಗಿ ಕಲ್ಲು ಹಾಸಿದರೆ ಅಪ್ಪ ಮೂಲೆಹಾಸು ಹಾಸುತ್ತಿದ್ದ. ಎಂದರೆ ಕಲ್ಲನ್ನು ಓರೆಯಾಗಿ ತಿರುಗಿಸಿ, ಮೂಲೆಗೆ ಮೂಲೆ ತಾಗಿಸಿ, ಕಪ್ಪು ಬಿಳಿ ಕಲ್ಲುಗಳ ಸಾಲು ಗೋಡೆಯಿಂದ ಗೋಡೆಗೆ ಓಡುವಂತೆ ಮಾಡುವುದು. ನೋಡಲು ಚಂದ, ಅಳೆಯಲು ಕಷ್ಟ. ಓರೆಯಾಗಿಟ್ಟ ಒಂದಡಿ ಕಲ್ಲು ಗೋಡೆಯ ಉದ್ದಕ್ಕೆ ಒಂದಡಿ ಹಿಡಿಯುವುದಿಲ್ಲ, ಒಂದೂವರೆಯೂ ಹಿಡಿಯುವುದಿಲ್ಲ. ನಡುವೆ ಎಲ್ಲೋ ಒಂದು ಅಳತೆ. ಓದು ಬಾರದ ಅಪ್ಪ ಅದಕ್ಕೆ ಆ ಹುರಿಯನ್ನು ಇಟ್ಟುಕೊಂಡಿದ್ದ. ಓರೆಯಾಗಿಟ್ಟ ಐದು ಕಲ್ಲಿಗೆ ಒಂದು ಹುರಿ. ಹಾಲ್ ಎಷ್ಟು ಹುರಿ ಉದ್ದವಿದೆಯೆಂದು ನೋಡಿದರೆ ಎಷ್ಟು ಕಲ್ಲು ಕೂರುತ್ತದೆಂದು ಗೊತ್ತಾಗುತ್ತಿತ್ತು. ಕುಣಿಕೆಯ ತುದಿ ನನ್ನ ಕೈಯಲ್ಲಿ, ಆಚೆ ತುದಿ ಯಾವಾಗಲೂ ಅಪ್ಪನ ಕೈಯಲ್ಲಿ. "ಬಾಲ ಸೇರಿಸಿ ಒಂದು, ಬಾಲ ಸೇರಿಸಿ ಎರಡು" ಎಂದು ಎಣಿಸುತ್ತಿದ್ದ. ಅದನ್ನು ನಾನು ಎಣಿಸುವವರ ಒಂದು ರಾಗವೆಂದುಕೊಂಡಿದ್ದೆ.

ನಾನು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಅಪ್ಪನ ಕಣ್ಣಿಗೆ ಹೊಗೆ ಕವಿಯತೊಡಗಿತ್ತು. ಸುಣ್ಣದ ಧೂಳು ಎಂದು ಎಲ್ಲರಿಗೂ ಹೇಳುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯಾಚೆಯ ನೆಲವನ್ನು ಮುಟ್ಟಿ ಮುಟ್ಟಿ ಉಪ್ಪಿನಕಾಯಿ ಹುಡುಕಿದ. ನಾನು ಮುಂದೆ ಓದಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಓದೆಂದೂ ಹೇಳಲಿಲ್ಲ. ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಪಕ್ಕದಲ್ಲಿ ನಿಂತು ಅಳತೆಗಳನ್ನು ಮೆಲ್ಲಗೆ ಹೇಳುತ್ತಿದ್ದೆ. ಅಪ್ಪ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದ. ಕಣ್ಣಿಲ್ಲದ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ? ಎರಡು ವರ್ಷ ಹೀಗೆ ನಡೆಯಿತು. ಕಲ್ಲು ಕೂರಿಸುತ್ತಿದ್ದ ನನ್ನ ಸೋದರತ್ತೆ ಸಿದ್ದಮ್ಮನಿಗೆ ಮಾತ್ರ ವಿಷಯ ತಿಳಿದಿತ್ತು. ತಿಳಿದಿದೆಯೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆಗ ಬಂದದ್ದು ವಾಚನಾಲಯದ ಕೆಲಸ. ಉದ್ದ ಮೂವತ್ತೈದು ಅಡಿಯ ಓದುವ ಕೋಣೆ. ಎರಡು ಪಕ್ಕದ ಗೋಡೆಗಳಿಗೆ ಕಲ್ಲಿನ ಜಗಲಿಗಳಿದ್ದವು. ಅಗಲದಲ್ಲಿ ಹೆಚ್ಚುಕಮ್ಮಿಯಾದರೆ ಅವುಗಳ ಅಡಿಗೆ ಹೋಗುತ್ತಿತ್ತು. ಉದ್ದಕ್ಕೆ ಮಾತ್ರ ಬರೀ ಗೋಡೆಯಿಂದ ಗೋಡೆಗೆ. ಕಾರ್ಯದರ್ಶಿ ಸೋಮಾರಾಧ್ಯರು ಎಲ್ಲವೂ ನೇರವಾಗಿರಬೇಕೆನ್ನುವವರು. ನಿಂತಲ್ಲಿ ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಲೇ ಮಾತಾಡುತ್ತಿದ್ದರು.

"ಸುತ್ತ ಒಂದು ಕಪ್ಪು ಪಟ್ಟಿ ಕೊಡೋಣ ಸ್ವಾಮಿ" ಎಂದ ಅಪ್ಪ. "ಹೆಚ್ಚುಕಮ್ಮಿ ಅದರಲ್ಲಿ ಹೋಗುತ್ತೆ."

"ಪಟ್ಟಿ ಛತ್ರಕ್ಕೆ ಚೆನ್ನ. ಇಲ್ಲಿ ಬೇಡ. ಹೆಚ್ಚುಕಮ್ಮಿ ಯಾಕಾಗ್ಬೇಕು ಮೇಸ್ತ್ರಿ? ಅಳೆದೇ ಹಾಸೋದಲ್ವಾ?"

ಅಪ್ಪ ಜಗಲಿಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದ. ಆರಾಧ್ಯರ ಕಣ್ಣೆದುರು ಹುರಿಯ ತುದಿಗೆ ತಡಕಾಡುವುದು ಅವನಿಗೆ ಬೇಕಿರಲಿಲ್ಲ. ಅಂದು ಎರಡು ತುದಿಯನ್ನೂ ನಾನೇ ಹಿಡಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯ ಹುರಿಯ ಏಳನೆಯ ಗಂಟು ಎದುರು ಗೋಡೆಗೆ ಹೋಗಿ ಮುತ್ತಿಟ್ಟಂತೆ ಕೂತಿತು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಶಾಲೆಯಲ್ಲಿ ಎರಡರ ವರ್ಗಮೂಲ ಒಂದು ಪಾಯಿಂಟ್ ನಾಲ್ಕು ಎಂದು ಬರೆಸಿದ್ದರು. ಮನಸ್ಸಿನಲ್ಲೇ ಇಪ್ಪತ್ತೈದರಿಂದ ಗುಣಿಸಿದೆ. ಸರಿಯಾಗಿ ಮೂವತ್ತೈದು. ಅಪ್ಪನ ಹುರಿ, ನನ್ನ ಶಾಲೆ, ವಾಚನಾಲಯದ ಗೋಡೆ, ಮೂರೂ ಒಂದೇ ಮಾತು ಹೇಳಿದ್ದವು. ಶಾಲೆ ಬಿಟ್ಟ ಮೇಲೆ ನನಗೆ ಅಂಥ ಖುಷಿ ಆಗಿರಲಿಲ್ಲ.

"ಇಪ್ಪತ್ತೈದು ಕಲ್ಲು. ಪಟ್ಟಿ ಬೇಕಾಗಲ್ಲ" ಎಂದೆ, ಅಪ್ಪನ ಬದಲು ನಾನೇ ಗಟ್ಟಿಯಾಗಿ.

"ಕೇಳಿದ್ರಾ ಮೇಸ್ತ್ರಿ" ಎಂದರು ಆರಾಧ್ಯರು. "ನಿಮ್ಮ ಮಗಳಿಗಿರೋ ಧೈರ್ಯ ನಿಮಗಿಲ್ಲ."

ಅವರು ಹೋದ ಮೇಲೆ ಅಪ್ಪ ಕೇಳಿದ: "ಅಷ್ಟು ಸರಿಯಾಗಿ ಬಂತಾ ಮಗಾ?"

"ಬಂತಪ್ಪ."

"ಬಾಲ ಸೇರಿಸಿ?"

"ಹೂಂ, ಸೇರಿಸಿ" ಎಂದೆ, ಅವನ ಎಣಿಕೆಯ ರಾಗಕ್ಕೆ ಓಗೊಟ್ಟಂತೆ.

"ನಾನು ಹಾಸಿದ್ದು ಯಾವತ್ತೂ ಅಷ್ಟು ಸರಿಯಾಗಿ ಬಂದಿಲ್ಲ. ಒಂದ್ಸಲ ಒಣಗೆ ಹಾಸಿ ನೋಡೋಣ."

ಒಣಗೆ ಹಾಸುವುದೆಂದರೆ ಗಾರೆ ಹಾಕದೆ ಬರೀ ಕಲ್ಲುಗಳನ್ನು ಗೋಡೆಯಿಂದ ಗೋಡೆಗೆ ಜೋಡಿಸಿ ನೋಡುವುದು. ಅಪ್ಪ ಅದಿಲ್ಲದೆ ಯಾವ ನೆಲವನ್ನೂ ಶುರುಮಾಡಿದವನಲ್ಲ. "ಲೆಕ್ಕ ಸರಿ ಇರೋವಾಗ ಎರಡು ದಿನ ಯಾಕೆ ದಂಡ ಮಾಡ್ತೀಯ?" ಎಂದೆ. ಅಪ್ಪ ನನ್ನ ದನಿ ಬಂದ ಕಡೆ ಮುಖ ಮಾಡಿದ. ಆ ದನಿಯಲ್ಲಿ ಅವನು ಬಹಳ ದಿನದಿಂದ ಕೇಳಿರದ ಏನೋ ಇದ್ದಿರಬೇಕು. "ಆಯ್ತು, ನೀನು ಹೇಳ್ದಂಗೆ" ಎಂದ.

ಗೋಡೆಯ ಬುಡದ ಗಾರೆಯ ಮೇಲೆ ಮೊಳೆಯಿಂದ ಇಪ್ಪತ್ತೈದು ಗೀರು ಹಾಕಿಕೊಂಡೆವು. ಒಂದೊಂದು ಕಲ್ಲಿನ ಮೂಲೆ ಒಂದೊಂದು ಗೀರಿಗೆ ಬಂದು ಮುಟ್ಟಬೇಕು. ಬಾಗಿಲ ಕಡೆಯಿಂದ ಹಾಸುತ್ತ ಹೊರಟೆವು. ಮೊದಲ ದಿನ ಸಂಜೆ ಐದನೆಯ ಕಲ್ಲಿನ ಮೂಲೆ ಐದನೆಯ ಗೀರನ್ನು ದಾಟಿ ಮುಂದೆ ಹೋಗಿತ್ತು, ಹತ್ತಿರ ಹತ್ತಿರ ಒಂದು ಅಂಗುಲ.

"ಅತ್ತೆ, ಸಂದಿ ದಪ್ಪ ಆಗ್ತಿದೆ, ಒತ್ತಿ ಕೂರಿಸು" ಎಂದೆ.

ಸಿದ್ದತ್ತೆ ಕರಣೆಯ ಹಿಡಿಯಿಂದ ಬೆನ್ನು ಕೆರೆದುಕೊಂಡಳು. "ಇನ್ನೆಷ್ಟು ಒತ್ತೋದೇ? ಕಲ್ಲು ಇದು, ಹಿಂಡೋಕೆ ಒದ್ದೆ ಸೀರೆ ಅಂದ್ಕೊಂಡೆಯಾ?"

"ಕಲ್ಲೇ ದೊಡ್ಡದಾಗಿ ಕಡಿದಿರ್ಬೇಕು."

"ಎಲ್ಲಾ ಕಲ್ಲೂ? ಕಲ್ಲು ಕಡಿಯೋನಿಗೂ ನಿನಗೂ ಏನಾದ್ರೂ ಜಗಳ ಇದೆಯಾ?"

ಮರುದಿನವೂ ಮೂಲೆಗಳು ಗೀರುಗಳಿಂದ ದೂರ ಸರಿದವು. ಮಧ್ಯಾಹ್ನ ಅಪ್ಪ ಕೇಳಿದ: "ಗುರುತು ಸೇರ್ತಾ ಇದೆಯಾ?" "ಸೇರ್ತಾ ಇದೆ" ಎಂದೆ. ಅತ್ತೆ ನನ್ನನ್ನು ನೋಡಿದಳು, ಗಾರೆ ಕಲಸಿದಳು. ನಾನು ಆ ಹೊತ್ತಿಗೆ ಗಾರೆಯನ್ನು ಹೆರೆದು ಸಂದಿಗಳನ್ನು ಎಷ್ಟು ತೆಳ್ಳಗೆ ಮಾಡಿದ್ದೆನೆಂದರೆ ಅಲ್ಲಿ ಕಾಗದವೂ ತೂರುತ್ತಿರಲಿಲ್ಲ. ಸುಳ್ಳು ಹೇಳಿದ ಮೇಲೆ ಆ ಸುಳ್ಳಿಗೆ ತಕ್ಕಂತೆ ಕಲ್ಲು ನಡೆದುಕೊಳ್ಳಲೆಂದು ಆಸೆಪಡುತ್ತಿದ್ದೆ.

ನಾಲ್ಕನೆಯ ದಿನ ಹದಿನೈದನೆಯ ಕಲ್ಲು ಕೂರಿಸಿದೆವು. ಅಪ್ಪ ಎದ್ದು ಬಂದು ಬರಿಗಾಲಲ್ಲಿ ಗೋಡೆಯಂಚಿಗೆ ನಡೆದ. ಕೊನೆಯ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದರ ಮೂಲೆಯನ್ನು ಬೆರಳಲ್ಲಿ ಮುಟ್ಟಿದ. ಇನ್ನೊಂದು ಕೈಯಿಂದ ಗೋಡೆಯನ್ನು ಸವರಿ ಗೀರನ್ನು ಹುಡುಕಿದ. ಎರಡರ ನಡುವೆ ಹೆಬ್ಬೆರಳನ್ನು ಅಡ್ಡ ಇಟ್ಟ. ತೆಗೆದು ಅದರ ಪಕ್ಕಕ್ಕೆ ಮತ್ತೆ ಇಟ್ಟ. ಮತ್ತೊಮ್ಮೆ ಇಟ್ಟ. ಮೂರನೆಯ ಸಲ ಬೆರಳು ಚೂರು ಹೆಚ್ಚಾಗಿ ಗೀರಿನ ಮೇಲೆ ಕೂತಿತು.

"ಮೂರು" ಎಂದ. "ಮೂರು ಹುರಿ ಬಂದಿದೀವಿ, ಅಲ್ವಾ?"

ಅಪ್ಪ ಕೈ ಚಾಚಿದ. ನಾನು ಸೊಂಟಕ್ಕೆ ಸುತ್ತಿಕೊಂಡಿದ್ದ ಹುರಿಯನ್ನು ಕೊಟ್ಟೆ. ಒಂದೊಂದೇ ಗಂಟನ್ನು ದಾಟುತ್ತ ಅವನ ಬೆರಳು ತುದಿಗೆ ಹೋಯಿತು. ಏಳನೆಯ ಗಂಟಿನಾಚೆ ಏನೂ ಇರಲಿಲ್ಲ. ಕೊಯ್ದ ತುದಿಯನ್ನು ಅವನು ಹೆಬ್ಬೆರಳಿನಿಂದ ಎರಡು ಸಲ ಉಜ್ಜಿ ನೋಡಿದ.

ಬಾಲವನ್ನು ಕತ್ತರಿಸಿದವಳು ನಾನು. ಅಳತೆಗೆ ಹೋಗುವ ಹಿಂದಿನ ದಿನ ಹುರಿಗೆ ಮೇಣ ಹಚ್ಚುತ್ತಿದ್ದಾಗ ಕೊನೆಯ ಗಂಟಿನಾಚೆ ಅಂಗುಲಕ್ಕೂ ಕಡಿಮೆ ಉದ್ದದ ಚೂರೊಂದು ಎಳೆಬಿಟ್ಟು ನೇತಾಡುತ್ತಿತ್ತು. ಗಂಟು ಹಾಕಿದ ಮೇಲೆ ಉಳಿದ ಕಸವೆಂದುಕೊಂಡೆ. ಆರಾಧ್ಯರ ಮುಂದೆ ಹಿಡಿಯುವ ಹುರಿ ಅಚ್ಚುಕಟ್ಟಾಗಿರಲೆಂದು ಬ್ಲೇಡು ತಂದು ಕೊಯ್ದು ಒಲೆಗೆ ಹಾಕಿದೆ. ಐದು ಕಲ್ಲಿಗೆ ಏಳಡಿ ಸಾಲದೆಂದೂ, ಸಾಲದ ಆ ಚೂರನ್ನೇ ಅಪ್ಪ, ಅವನಿಗಿಂತ ಮೊದಲು ಅವನಪ್ಪ, ಬಾಲವೆಂದು ಕಾಪಾಡಿಕೊಂಡು ಬಂದಿದ್ದರೆಂದೂ ನನಗೆ ಗೊತ್ತಿರಲಿಲ್ಲ. ಐದು ಹುರಿಗೆ ಐದು ಬಾಲ. ನಾಲ್ಕು ಅಂಗುಲಕ್ಕೂ ಹೆಚ್ಚು. ಅಷ್ಟು ನೆಲ ಆ ಕೋಣೆಯಲ್ಲಿ ಇರಲೇ ಇಲ್ಲ.

"ಅಪ್ಪ, ಹುರಿ ನಾನು…"

"ಒಂದು ಲೋಟ ನೀರು ತಾ ಮಗಾ" ಎಂದ.

ನಾನು ನೀರು ತರುವಷ್ಟರಲ್ಲಿ ಆರಾಧ್ಯರು ಬಂದು ಬಾಗಿಲಲ್ಲಿ ನಿಂತಿದ್ದರು. ಕೊಡೆಯ ತುದಿ ಗೋಡೆಯ ಗೀರುಗಳ ಕಡೆ ಚಾಚಿತ್ತು, ಕಣ್ಣು ಕಲ್ಲಿನ ಮೂಲೆಯ ಮೇಲೆ.

"ಇದೇನು ಮೇಸ್ತ್ರಿ? ಗುರುತೊಂದು ಕಡೆ, ಕಲ್ಲೊಂದು ಕಡೆ?"

"ಅಳತೆ ತಪ್ಪಿದೆ ಸ್ವಾಮಿ."

"ಇಪ್ಪತ್ತೈದು ಅಂದಳಲ್ಲ ಈ ಹುಡುಗಿ?"

ಅಪ್ಪ ಎದ್ದು ನಿಂತ. ದನಿ ಬಂದ ಕಡೆ ಮುಖ ಮಾಡಿದ. ಆದರೆ ಆರಾಧ್ಯರು ಅಷ್ಟರಲ್ಲಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರು. ಅಪ್ಪ ಖಾಲಿ ಬಾಗಿಲಿಗೆ ಹೇಳಿದ.

"ನಾನು ಹೇಳಿದ ಅಳತೆ ಅವಳು ಹೇಳಿದ್ದು. ನನ್ನ ಕಣ್ಣು ಹೋಗಿದೆ ಸ್ವಾಮಿ. ಎರಡು ವರ್ಷ ಆಯ್ತು. ಹೇಳ್ದೆ ಮುಚ್ಚಿಟ್ಟೆ, ತಪ್ಪಾಯ್ತು."

ಆರಾಧ್ಯರು ಅಪ್ಪನ ಮುಖವನ್ನು, ಆಮೇಲೆ ಅವನು ನೋಡುತ್ತಿದ್ದ ಬಾಗಿಲನ್ನು ನೋಡಿದರು. ಕೊಡೆಯನ್ನು ಕಂಕುಳಿಗೆ ಸೇರಿಸಿಕೊಂಡರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಎರಡು ವರ್ಷ ನಾವು ಮೂವರೂ ಸೇರಿ ಹೊತ್ತುಕೊಂಡು ತಿರುಗಿದ್ದನ್ನು ಅಪ್ಪ ಒಂದೇ ಮಾತಿನಲ್ಲಿ ನೆಲಕ್ಕೆ ಇಳಿಸಿಬಿಟ್ಟಿದ್ದ, ಅದೂ ನನ್ನ ಬ್ಲೇಡಿನ ಸಲುವಾಗಿ.

"ಈಗೇನು? ಎಲ್ಲಾ ಕೀಳ್ತೀರಾ?" ಎಂದು ಆರಾಧ್ಯರು ಕೇಳಿದಾಗ ಅವರ ದನಿ ತಗ್ಗಿತ್ತು.

"ಕೀಳೋದು ಬೇಡ. ಪುಸ್ತಕದ ಬೀರುಗಳು ಎಷ್ಟು ಆಳ ಇವೆ?"

"ಒಂದಡಿ. ಬಾಗಿಲ ಕಡೆ ಗೋಡೆಗೆ ಬರ್ತವೆ."

"ಅವನ್ನ ಎದುರು ಗೋಡೆಗೆ ಇಡಿ. ಇಪ್ಪತ್ತನಾಲ್ಕು ಕಲ್ಲಿಗೆ ನಿಲ್ಲಿಸ್ತೀನಿ. ಉಳಿದದ್ದು ಒಂದಡಿ, ಮೇಲೊಂಚೂರು. ಅಲ್ಲಿಗೆ ಕಪ್ಪು ಪಟ್ಟಿ ಹಾಕ್ತೀನಿ, ಅದರ ಮೇಲೆ ಬೀರು ನಿಲ್ತವೆ. ಒಳಗೆ ಬಂದೋರಿಗೆ ಬೀರೇ ಗೋಡೆ."

ಆರಾಧ್ಯರು ಎದುರು ಗೋಡೆಯತ್ತ ತಿರುಗಿದರು. "ಅಳತೆ ಇನ್ನು ಯಾರು ನೋಡ್ತಾರೆ?"

"ಈ ಮಗು ನೋಡುತ್ತೆ."

"ಹೆಣ್ಣುಮಗು ಮೇಸ್ತ್ರಿಕೆ ಮಾಡುತ್ತಾ?"

"ನಮ್ಮಣ್ಣ ಗಂಡಸು, ಅವನಿಗೇ ತಪ್ಪಿತಲ್ಲ ಸ್ವಾಮಿ" ಎಂದಳು ಅತ್ತೆ, ಸೆರಗು ತೆಗೆದು. ಆರಾಧ್ಯರು ನಗಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಅವರು ಹೋದ ಮೇಲೆ ನಾನು ಸೀಮೆಸುಣ್ಣ ತೆಗೆದುಕೊಂಡು ಕಪ್ಪು ಕಲ್ಲೊಂದರ ಮೇಲೆ ಲೆಕ್ಕ ಮಾಡಿದೆ. ಐದೈದಲಿ ಇಪ್ಪತ್ತೈದು, ಅದರ ಎರಡರಷ್ಟು ಐವತ್ತು. ಏಳೇಳಲಿ ನಲವತ್ತೊಂಬತ್ತು. ಒಂದೇ ಒಂದು ಕಡಿಮೆ. ಶಾಲೆಯಲ್ಲಿ ಈ ಒಂದನ್ನು ಬಿಟ್ಟು ಮುಂದೆ ಹೋಗಿ ಎಂದಿದ್ದರು, ನಾನು ಹೋಗಿದ್ದೆ. ನನ್ನ ಮೂರು ಸಾಕ್ಷಿಗಳಲ್ಲಿ ಹುರಿಯೂ ಶಾಲೆಯೂ ಒಂದೇ ಚೂರನ್ನು ಕಳೆದುಕೊಂಡು ಬಂದಿದ್ದವೆಂದು ಆಗ ತಿಳಿಯಿತು.

"ಹೊಸ ಬಾಲ ಕಟ್ಟಿಕೊಡಪ್ಪ" ಎಂದೆ.

"ಬೇಡ. ಕಟ್ಟಿದ್ರೆ ಮರೀತೀಯ." ಅಪ್ಪ ಕಲ್ಲಿನ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿ ಇಟ್ಟ. ಸುತ್ತಿಗೆ ತಿಂದು ಚಪ್ಪಟೆಯಾದ, ಅಂಗುಲದಗಲದ ಬೆರಳು. "ಏಳಡಿ ಮುಗಿದ ಮೇಲೆ ಇದನ್ನಿಡು. ಇಟ್ರೆ ಚೂರು ಹೆಚ್ಚಾಗುತ್ತೆ. ಅದರಲ್ಲಿ ಒಂದು ನೂಲು ಕಳಿ." ಅಂಗುಲದ ಎಂಟನೆಯ ಒಂದು ಪಾಲಿಗೆ ನಮ್ಮ ಕೆಲಸದವರು ನೂಲು ಎನ್ನುತ್ತಾರೆ.

"ಕಳೆದ್ರೆ ಸರಿಯಾಗುತ್ತಾ?"

"ಎಲ್ಲಿ ಸರಿಯಾಗುತ್ತೆ? ಕೂದಲೆಳೆ ಉಳಿಯುತ್ತೆ. ನಮ್ಮಪ್ಪನಿಗೂ ಉಳೀತು. ಉಳಿದದ್ದನ್ನ ಎಲ್ಲಿ ಇಡೋದು ಅಂತ ಶುರುಮಾಡೋಕೆ ಮೊದಲೇ ನೋಡ್ಕೋಬೇಕು, ಅಷ್ಟೇ. ನಿನ್ನ ಬೆರಳು ಕೊಡು."

ನನ್ನ ಹೆಬ್ಬೆರಳನ್ನು ಹಿಡಿದು ತನ್ನದರ ಪಕ್ಕಕ್ಕೆ ಒತ್ತಿ, ಉಗುರಿನಿಂದ ಅಂಚು ತಡವಿ ನೋಡಿದ. ನನ್ನದು ಅವನದಕ್ಕಿಂತ ಸರಿಯಾಗಿ ಒಂದು ನೂಲು ಕಿರಿದಾಗಿತ್ತು.

"ನೀನು ಕಳೆಯೋದೇ ಬೇಕಾಗಿಲ್ಲ" ಎಂದ. ಅಷ್ಟೇ ಹೇಳಿ ಎಲೆಯಡಿಕೆ ಚೀಲಕ್ಕೆ ತಡಕಾಡಿದ.

ಆ ನೆಲ ಮುಗಿಯಿತು. ಬೀರುಗಳು ಬಂದು ಕಪ್ಪು ಪಟ್ಟಿಯ ಮೇಲೆ ನಿಂತವು. ಆದರೆ ಆ ವಾರದಿಂದ ಊರಲ್ಲಿ ಯಾರೂ ಅಪ್ಪನನ್ನು ಮೇಸ್ತ್ರಿ ಎನ್ನಲಿಲ್ಲ. ಹೋಟೆಲಿನವನೂ ತಿಪ್ಪಯ್ಯ ಎಂದೇ ಕರೆದ. ಅಪ್ಪ ಓಗೊಡುತ್ತಿದ್ದ, ಅರೆಗಳಿಗೆ ತಡವಾಗಿ, ಬೇರೆ ಯಾರನ್ನೋ ಕರೆದರೇನೋ ಎಂಬಂತೆ. ಬಾಲದ ವಿಷಯ ಅವನು ಸಾಯುವತನಕ ಎತ್ತಲಿಲ್ಲ. ನಾನು ಎತ್ತಲು ಹೋದಾಗಲೆಲ್ಲ ಅವನಿಗೆ ನೀರಡಿಕೆಯಾಗುತ್ತಿತ್ತು.

ಮಗಳು ಹುರಿಯ ಮಾತೆತ್ತಿದ ಮೇಲೆ ಬಂದ ಭಾನುವಾರ ಬೆಳಿಗ್ಗೆ ಅವಳನ್ನು ವಾಚನಾಲಯಕ್ಕೆ ಕರೆದುಕೊಂಡು ಹೋದೆ. ಹುರಿಯನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಇಷ್ಟನ್ನೂ ಹೇಳಿದೆ, ಒಲೆಗೆ ಹಾಕಿದ ಚೂರನ್ನೂ ಬಿಡದೆ. ಒಳಗೆ ಪೇಪರು ಓದುವ ನಾಲ್ಕು ಜನರ ಕಾಲಡಿಯಲ್ಲಿ ಕಪ್ಪು ಬಿಳಿ ಕಲ್ಲುಗಳು ಸವೆದು ನುಣುಪಾಗಿದ್ದವು. ಬೀರುಗಳ ಪಾದದ ಮುಂದೆ, ಹೆಬ್ಬೆರಳಿಗೂ ಚೂರು ಕಿರಿದಾದ ಕಪ್ಪು ಗೆರೆಯೊಂದು ಗೋಡೆಯುದ್ದಕ್ಕೂ ಓಡಿತ್ತು. ಗೊತ್ತಿಲ್ಲದವರು ಅದನ್ನು ಸೀರೆಯ ಅಂಚಿನಂತೆ ಬೇಕೆಂದೇ ಹಾಕಿದ್ದು ಎನ್ನುತ್ತಾರೆ.

ಅವಳು ಹುರಿ ಬಿಚ್ಚಿದಳು. ಕುಣಿಕೆಯನ್ನು ನನ್ನ ಕೈಗೆ ಕೊಟ್ಟು, ತಾನು ತುದಿ ಹಿಡಿದು ಐದು ಕಲ್ಲಿನಾಚೆಗೆ ಹೋಗಿ ಮಂಡಿಯೂರಿದಳು. ನನ್ನ ಮಂಡಿ ಈಗ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನನ್ನ ಹೆಬ್ಬೆರಳೂ ಇಷ್ಟು ವರ್ಷದ ಕಲ್ಲಿಗೆ ಅಗಲವಾಗಿ ಅಪ್ಪನದರಂತೆ ಆಗಿದೆ; ನಾನೀಗ ಒಂದು ನೂಲು ಕಳೆಯಬೇಕು. ಹುರಿ ಬಿಗಿಯಾಯಿತು. ಏಳನೆಯ ಗಂಟು ಕಲ್ಲಿನ ಮೂಲೆಗೆ ಮುಟ್ಟಲಿಲ್ಲ.

"ಇಲ್ಲಿ ಖಾಲಿ ಇದೆ ಅಮ್ಮ."

"ಗೊತ್ತು."

ಅವಳು ನನ್ನನ್ನು ನೋಡಿದಳು, ಆಮೇಲೆ ನೆಲವನ್ನು. ಗಂಟಿಗೂ ಮೂಲೆಗೂ ನಡುವೆ ತನ್ನ ಹೆಬ್ಬೆರಳನ್ನು ಮಲಗಿಸಿದಳು. ಅದು ಅಲ್ಲಿ ಕೂತಿತು. ಅವಳು ಬಾಗಿ, ಕೆನ್ನೆ ಕಲ್ಲಿಗೆ ತಾಗುವಷ್ಟು ಬಾಗಿ, ಬೆರಳಿನ ಅಂಚನ್ನು ನೋಡಿದಳು.

"ಕೂದಲೆಳೆಯಷ್ಟು ಹೆಚ್ಚಾಯ್ತು" ಎಂದಳು.

ಹುರಿ ನಮ್ಮಿಬ್ಬರ ನಡುವೆ ಬಿಗಿಯಾಗಿಯೇ ಇತ್ತು. ಓದುತ್ತಿದ್ದವರೊಬ್ಬರು ಪೇಪರು ಕೆಳಗಿಳಿಸಿ ನೋಡಿದರು. ಅವಳು ಬೆರಳು ತೆಗೆಯಲಿಲ್ಲ.